ಗ್ಯಾಸ್ ಫರ್ನೇಸ್: 80ರದ್ದೋ, 95ರದ್ದೋ?

ಅಮೆರಿಕದಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಬದಲಿಸುವವರು ಮೊದಲು ನೋಡಬೇಕಾದ್ದು ಎಎಫ್‌ಯುಇ ಅಂಕಿ, ಅಂದರೆ ಉರಿಸಿದ ಗ್ಯಾಸಿನ ಶಾಖದಲ್ಲಿ ಶೇಕಡಾ ಎಷ್ಟು ಮನೆಗೆ ಸಿಗುತ್ತದೆ ಎಂಬ ವರ್ಷದ ಲೆಕ್ಕ. 80 ಅಂದರೆ ನೂರು ಡಾಲರ್ ಗ್ಯಾಸ್ ಉರಿಸಿದರೆ ಇಪ್ಪತ್ತರಷ್ಟು ಶಾಖ ಚಿಮಣಿ ಪಾಲು. 95ರದ್ದರಲ್ಲಿ ಹೋಗುವುದು ಐದೇ. ಅದರೊಳಗೆ ಶಾಖ ಹೀರುವ ಎರಡನೇ ಸುರುಳಿಯಿದೆ. ಹೊಗೆಯಲ್ಲಿರುವ ಹಬೆ ಅಲ್ಲಿ ನೀರಾಗುತ್ತಾ ಉಳಿದ ಬಿಸಿಯನ್ನೂ ಬಿಟ್ಟುಕೊಡುತ್ತದೆ. ಹೊರಹೋಗುವ ಗಾಳಿಗೆ ಪಿವಿಸಿ ಪೈಪೇ ಸಾಕು. ಆದರೆ ಆ ನೀರು ಹರಿಯಲು ಡ್ರೈನ್ ಬೇಕು. ಅದರ ಪೈಪು ಚಳಿ ಕೊರೆಯುವ ಗರಾಜಿನಲ್ಲಿ ಹಾದುಹೋದರೆ ನೀರು ಹೆಪ್ಪುಗಟ್ಟಿ ಫರ್ನೇಸೇ ನಿಂತುಬಿಡಬಹುದು. ಫರ್ನೇಸ್ ಪಿವಿಸಿಗೆ ಹೋಗಿ ಹಳೇ ಚಿಮಣಿಗೆ ಗ್ಯಾಸ್ ವಾಟರ್ ಹೀಟರ್ ಒಂದೇ ಉಳಿದರೆ, ಅದರ ಹೊಗೆಗೆ ಚಿಮಣಿ ತೀರಾ ದೊಡ್ಡದಾಗಿ, ಒಳಗೆ ಲೈನರ್ ಎಂಬ ಸಣ್ಣ ಕೊಳವೆ ಹಾಕಿಸಬೇಕಾದೀತು. ಇದರ ಖರ್ಚು ಕೇಳದೆ ಕೊಟೇಶನ್‌ಗೆ ಸಹಿ ಹಾಕಬೇಡಿ.

ಮಿನೆಸೋಟದ ಚಳಿಗೆ 95ರದ್ದೇ, ಎರಡು ಮಾತಿಲ್ಲ. ದಕ್ಷಿಣ ಟೆಕ್ಸಾಸ್‌ನಲ್ಲಿ ಫರ್ನೇಸ್ ಓಡುವುದೇ ಕಡಿಮೆ; 80ರದ್ದು ಸಾಕು, ಮಿಕ್ಕ ದುಡ್ಡಲ್ಲಿ ಅಟ್ಟಕ್ಕೆ ಇನ್ಸುಲೇಶನ್ ಹಾಕಿಸಿ.