ಫೋಟೋ ವಾಪಸ್ ಬಂತು, ತಾರೀಕು ಬರಲಿಲ್ಲ: ಆರು ವರ್ಷ ಬಳಸಿದ ಕ್ಲೌಡ್ ಸ್ಟೋರೇಜ್

ಮೈಸೂರಿನ ನಮ್ಮ ಮನೆಯ ಫೋಟೋಗಳೆಲ್ಲ ಆರು ವರ್ಷದಿಂದ ಒಂದೇ ಕ್ಲೌಡ್ ಖಾತೆಯಲ್ಲಿವೆ. 'ಆನೆ' ಅಂತ ಹುಡುಕಿದರೆ ಸಾಕು, ಜಂಬೂಸವಾರಿಯ ಫೋಟೋಗಳು ಸಾಲಾಗಿ ಬರುತ್ತವೆ. ಅಪ್‌ಲೋಡ್ ಯಾವತ್ತೂ ಕೈಕೊಟ್ಟಿಲ್ಲ. ಹೋದ ತಿಂಗಳು ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡಾಗ ತೊಂದರೆ ಕಂಡಿತು.

ರಂಗನತಿಟ್ಟಿನಲ್ಲಿ ತೆಗೆದ ಕೊಕ್ಕರೆಯ ಫೋಟೋ ಕ್ಯಾಮೆರಾದಲ್ಲಿ 6000×4000 ಪಿಕ್ಸೆಲ್ ಇತ್ತು, ಅಂದರೆ 24 ಮೆಗಾಪಿಕ್ಸೆಲ್. ಇಳಿಸಿಕೊಂಡದ್ದು 16. ಇಂಚಿಗೆ 300 ಚುಕ್ಕೆಯಂತೆ 20 ಇಂಚು ಅಗಲ ಬರಬೇಕಿದ್ದ ಪ್ರಿಂಟ್ 16 ಇಂಚಿಗೆ ನಿಂತಿತು. ರೆಕ್ಕೆಯ ಗೆರೆಗಳು ಕಲಸಿಹೋಗಿವೆ. ಇದು ಡೌನ್‌ಲೋಡಿನ ತಪ್ಪಲ್ಲ. ಅಪ್‌ಲೋಡ್ ಮಾಡುವಾಗಲೇ 'ಜಾಗ ಉಳಿಸಿ' ಆಯ್ಕೆ ಆನ್ ಆಗಿತ್ತು. ಕಾರ್ಡಿನಲ್ಲಿದ್ದ ಮೂಲ ಫೋಟೋ ಅಳಿಸಿಬಿಟ್ಟಿದ್ದೆ.

ಅದಕ್ಕಿಂತ ಜಾಸ್ತಿ ನೋವಾದದ್ದು ತಾರೀಕುಗಳ ವಿಷಯದಲ್ಲಿ. ಮಂಡ್ಯದಲ್ಲಿ ಅಜ್ಜಿಯ ಟ್ರಂಕಿನಲ್ಲಿದ್ದ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿದ್ದೆ. ಅಜ್ಜಿ ಪಕ್ಕದಲ್ಲಿ ಕೂತು, 'ಇದು ನಿಮ್ಮಮ್ಮನ ನಾಮಕರಣ, ಇದು ಕನ್ನಂಬಾಡಿಗೆ ಹೋದಾಗ, ಆ ವರ್ಷ ಕಟ್ಟೆ ತುಂಬಿತ್ತು' ಅಂತ ಒಂದೊಂದನ್ನೂ ಹೇಳಿದ್ದರು. ನಾನು ಆ್ಯಪ್‌ನಲ್ಲಿ ತಾರೀಕು ತುಂಬಿದ್ದೆ. ಅಜ್ಜಿ ಈಗಿಲ್ಲ. ಇಳಿಸಿಕೊಂಡ ಫೈಲುಗಳಲ್ಲಿ ಆ ತಾರೀಕೂ ಇಲ್ಲ. ಎಲ್ಲದರಲ್ಲೂ ಸ್ಕ್ಯಾನ್ ಮಾಡಿದ ದಿನವೇ ಇದೆ.

ಕ್ಯಾಮೆರಾ ತಾರೀಕನ್ನು ಫೋಟೋದ ಒಳಗೇ ಬರೆದಿಡುತ್ತದೆ. ಅದಕ್ಕೆ ಎಕ್ಸಿಫ್ ಅಂತಾರೆ. ಈ ಆ್ಯಪ್‌ನಲ್ಲಿ ನಾವು ತಿದ್ದಿದ್ದು ಫೋಟೋದೊಳಕ್ಕೆ ಹೋಗುವುದಿಲ್ಲ, ಅವರ ಸರ್ವರಿನಲ್ಲೇ ಉಳಿಯುತ್ತದೆ. ಇಡೀ ಖಾತೆ ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ಪ್ರತಿ ಫೋಟೋ ಜೊತೆ ಅದರ ವಿವರಗಳನ್ನು ಬರೆದಿಟ್ಟ ಒಂದು ಪುಟ್ಟ ಪಠ್ಯದ ಫೈಲ್ ಬರುತ್ತದೆ, ಅದಕ್ಕೆ ಜೇಸನ್ (JSON) ಅಂತಾರೆ. ಅದರಲ್ಲಿ ತಾರೀಕು ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಅಮ್ಮ ಹುಟ್ಟಿದ್ದು ಅದಕ್ಕೂ ಮೊದಲು, ಹಾಗಾಗಿ ನಾಮಕರಣದ ಫೋಟೋಗೆ ಮೈನಸ್ ಸಂಖ್ಯೆ! ಅಕ್ಕನ ಧಾರೆ ಆಗಿದ್ದು ಬೆಳಗಿನ ಜಾವ 4.45ಕ್ಕೆ. ಜೇಸನ್‌ನಲ್ಲಿ ಅದು ಹಿಂದಿನ ರಾತ್ರಿ 11.15. ಅಲ್ಲಿರುವುದು ಗ್ರೀನಿಚ್ ಸಮಯ, ನಾವು ಐದೂವರೆ ಗಂಟೆ ಮುಂದಿದ್ದೇವೆ ಅಲ್ವಾ? ಇದನ್ನು ಸರಿಮಾಡದೆ ಸುಮ್ನೆ ಸೇರಿಸಿದ್ದರೆ ಧಾರೆ ರಿಸೆಪ್ಷನ್ ದಿನಕ್ಕೆ ಹೋಗಿಬಿಡುತ್ತಿತ್ತು.

ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ತಾರೀಕುಗಳನ್ನೆಲ್ಲ ಫೋಟೋಗಳೊಳಕ್ಕೆ ಬರೆದೆ. ಎರಡು ಭಾನುವಾರ ಹಿಡಿಯಿತು. ಅಜ್ಜಿ ಹೇಳಿದ್ದು ಒಂದೂ ತಪ್ಪಿಹೋಗಲಿಲ್ಲ.

ಸೇವೆ ಬಿಟ್ಟಿಲ್ಲ. ಐದಕ್ಕೆ ಮೂರು ಕೊಡುತ್ತೇನೆ. ಈಗ ಮೊದಲು ಫೈಲಿಗೇ ತಾರೀಕು ಬರೆದು, ಆಮೇಲೆ ಮೂಲ ಗಾತ್ರದಲ್ಲೇ ಏರಿಸುತ್ತೇನೆ. ಮದ್ದೂರಿನ ದೊಡ್ಡಮ್ಮನ ಹತ್ತಿರ ಇನ್ನೊಂದು ಆಲ್ಬಮ್ ಇದೆ. ಈ ಭಾನುವಾರ ಸ್ಕ್ಯಾನರ್ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.