ಡಿಕ್ರಿ ಕಾಪಿ ತೆಗೆಸಿಕೊಡ್ತೀವಿ ಅನ್ನುವವರಿಗೆ ದುಡ್ಡು ಕಳಿಸಬೇಡಿ

ಫ್ಯಾಮಿಲಿ ಕೋರ್ಟಿನಿಂದ ಹಳೇ ಕೇಸಿನ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಬೇಕಾಗಿದೆಯಾ? "ಒಳಗೆ ನಮ್ಮ ಜನ ಇದ್ದಾರೆ, ಮನೆಗೇ ತಂದು ಕೊಡ್ತೀವಿ" ಅನ್ನುವ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಕೇಸಿನ ಕಾಗದಗಳ ಫೋಟೋವನ್ನಂತೂ ಕಳಿಸಲೇಬೇಡಿ. ನನ್ನಿಂದ 8,500 ರೂಪಾಯಿ ಹೋಯಿತು. ಆದರೆ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಸುತ್ತಿರುವುದು ಬೇರೆ ವಿಷಯ. ಅದನ್ನೂ ಹೇಳುತ್ತೇನೆ.

ನನಗೆ ವಿಚ್ಛೇದನ ಆಗಿ ವರ್ಷಗಳೇ ಆದವು. ಇಬ್ಬರೂ ಒಪ್ಪಿ ಪಡೆದದ್ದು. ಆಗ ಕೋರ್ಟಿನಿಂದ ಬಂದ ಕಾಪಿ ನಮ್ಮ ವಕೀಲರ ಫೈಲಿನಲ್ಲೇ ಉಳಿದಿತ್ತು. ಅವರು ತೀರಿಕೊಂಡರು, ಆಫೀಸು ಮುಚ್ಚಿತು, ಫೈಲುಗಳು ಯಾರ ಮನೆಯ ಅಟ್ಟ ಸೇರಿದವೋ ಗೊತ್ತಿಲ್ಲ. ಈಗ ನನಗೆ ಮತ್ತೆ ಮದುವೆ ಗೊತ್ತಾಗಿದೆ. ನೋಂದಣಿಗೆ ಡಿಕ್ರಿಯ ಸರ್ಟಿಫೈಡ್ ಕಾಪಿ (ಕೋರ್ಟೇ ದೃಢೀಕರಿಸಿ ಕೊಡುವ ನಕಲು) ತನ್ನಿ ಅಂದರು.

ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ನನ್ನ ಎಂ.ಸಿ. ನಂಬರ್ (ವಿವಾಹ ಪ್ರಕರಣದ ಕೇಸ್ ನಂಬರ್) ಹಾಕಿ ಹುಡುಕಿದೆ. ಏನೂ ಬರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ನನ್ನ ಅರ್ಜಿ ಮೊದಲು ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿತ್ತು. ನಡುವೆ ಫ್ಯಾಮಿಲಿ ಕೋರ್ಟ್ ಶುರುವಾದಾಗ ಕೇಸು ಅಲ್ಲಿಗೆ ಹೋಗಿ ಹೊಸ ನಂಬರ್ ಬಿದ್ದಿತ್ತು. ನನ್ನ ಹತ್ತಿರ ಇದ್ದದ್ದು ಹಳೇ ನಂಬರ್. ಇಷ್ಟೇ ವಿಷಯ. ಈ ಇಷ್ಟೇ ವಿಷಯದ ಮೇಲೆ ಆ ಮನುಷ್ಯ ನನ್ನಿಂದ ದುಡ್ಡು ಕಿತ್ತ.

ಅವನ ನಂಬರ್ ಸಿಕ್ಕಿದ್ದು ಇಂಟರ್‌ನೆಟ್ಟಿನಲ್ಲಿ. ಯಾವ ಕೋರ್ಟಿನ ಯಾವ ದಾಖಲೆ ಬೇಕಾದರೂ ತೆಗೆಸಿಕೊಡುತ್ತೇವೆ ಅಂತ ಜಾಹೀರಾತು. ಮಾತು ಬಹಳ ನಯ. "ಮೇಡಂ, ನೀವು ಹೆಣ್ಣುಮಕ್ಕಳು, ಕೋರ್ಟು ಕಚೇರಿ ಅಂತ ಯಾಕೆ ಅಲೀತೀರಾ? ರೆಕಾರ್ಡ್ ರೂಮಲ್ಲಿ ನಮ್ಮವರಿದ್ದಾರೆ." ನಂಬಿಕೆ ಬರಲಿ ಅಂತ ಒಂದು ಸ್ಯಾಂಪಲ್ ಕೂಡ ಕಳಿಸಿದ. ಬೇರೆ ಯಾರೋ ಹೆಣ್ಣುಮಗಳ ಡಿಕ್ರಿ. ಹೆಸರು, ಗಂಡನ ಹೆಸರು, ಮಾವನ ಹೆಸರು, ಊರು, ಎಲ್ಲವೂ ಬಿಚ್ಚಿಟ್ಟ ಹಾಗೆ. ಈ ಸ್ಯಾಂಪಲ್ ನೆನಪಿಟ್ಟುಕೊಳ್ಳಿ.

ಮೊದಲು 3,500 ಅಂದ. ಕೊಟ್ಟೆ. ಆಮೇಲೆ ಫೋನು. "ಮೇಡಂ, ನಿಮ್ಮ ಫೈಲ್ ಮಿಸ್ಸಿಂಗ್. ಹುಡುಕೋ ಹುಡುಗರಿಗೆ ಏನಾದ್ರೂ ಕೊಡಬೇಕು." ಮತ್ತೆ 2,000. ಆಮೇಲೆ ಅರ್ಜೆಂಟ್ ಚಾರ್ಜ್ ಅಂತ 3,000. ಅಷ್ಟು ಹೊತ್ತಿಗೆ ನಾನು ಮೇಡಂ ಹೋಗಿ ಅಕ್ಕ ಆಗಿದ್ದೆ. "ಅಕ್ಕಾ, ನಿಮ್ಮ ತಮ್ಮ ಅಂದ್ಕೊಳ್ಳಿ, ಆರ್‌ಟಿಐ ಹಾಕಿಸಿದೀನಿ, ಗ್ಯಾರಂಟಿ ಬರುತ್ತೆ."

ಆರ್‌ಟಿಐ ಕಥೆ ಕೇಳಿ. ಕೋರ್ಟಿನ ಕೇಸು ಫೈಲಿನ ಕಾಪಿ ಆರ್‌ಟಿಐನಲ್ಲಿ ಸಿಗುವುದಿಲ್ಲ. ಕೋರ್ಟಿನ ನಿಯಮಗಳ ಪ್ರಕಾರವೇ ಅರ್ಜಿ ಹಾಕಿ ಪಡೆಯಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಯಾರಾದರೂ "ಆರ್‌ಟಿಐ ಹಾಕಿ ಡಿಕ್ರಿ ತರ್ತೀನಿ" ಅಂದರೆ ಅವನಿಗೆ ಒಂದೋ ಏನೂ ಗೊತ್ತಿಲ್ಲ, ಇಲ್ಲಾ ಎಲ್ಲಾ ಗೊತ್ತು.

ಕೊನೆಗೆ ಕೊರಿಯರ್ ಬಂತು. ದಪ್ಪ ಕಾಗದ, ನೇರಳೆ ಬಣ್ಣದ ದುಂಡು ಸೀಲು, ಕೆಳಗೆ "ಟ್ರೂ ಕಾಪಿ" ಅಂತ ಇನ್ನೊಂದು ಸೀಲು. ನೋಡಿದರೆ ಕೋರ್ಟಿನದ್ದೇ ಅನ್ನಬೇಕು, ಹಾಗಿತ್ತು.

ಉಪನೋಂದಣಿ ಕಚೇರಿಗೆ ನಾನು, ನನ್ನನ್ನು ಮದುವೆಯಾಗುವವರು, ಅವರ ಅಕ್ಕ ಮೂವರೂ ಹೋದೆವು. ಕಾಗದಗಳನ್ನು ಮೊದಲೇ ತೋರಿಸಿ ಸರಿ ಇದೆಯಾ ಕೇಳಿಕೊಳ್ಳೋಣ ಅಂತ. ಟೇಬಲ್ಲಿನ ಹಿಂದಿದ್ದ ಹಿರಿಯ ಗುಮಾಸ್ತರು ಮೊದಲ ಪುಟ ಓದಲೇ ಇಲ್ಲ. ಸೀದಾ ಕೊನೇ ಪುಟ ತಿರುಗಿಸಿದರು. "ಅರ್ಜಿ ಕೊಟ್ಟ ತಾರೀಕು ಎಲ್ಲಿ? ಕಾಪಿ ರೆಡಿಯಾದ ತಾರೀಕು ಎಲ್ಲಿ?" ಅಂದರು. ನನಗೆ ಅರ್ಥವೇ ಆಗಲಿಲ್ಲ. ಅಸಲಿ ಸರ್ಟಿಫೈಡ್ ಕಾಪಿಯಲ್ಲಿ ಅದೆಲ್ಲ ಬರೆದಿರುತ್ತದಂತೆ: ಅರ್ಜಿ ಯಾವತ್ತು ಬಂತು, ಕಾಪಿ ಯಾವತ್ತು ತಯಾರಾಯಿತು, ಯಾವತ್ತು ಕೊಟ್ಟರು, ಶುಲ್ಕ ಎಷ್ಟು. ಅಪೀಲಿನ ಗಡುವು ಲೆಕ್ಕ ಹಾಕುವಾಗ ಈ ತಾರೀಕುಗಳು ಬೇಕಾಗುತ್ತವೆ, ಹಾಗಾಗಿ ಅವು ಇಲ್ಲದ ಕಾಪಿಯನ್ನು ನೋಡಿದ ಕೂಡಲೇ ಅವರಿಗೆ ಅನುಮಾನ ಬಂತು.

ಆಮೇಲೆ ಮೊದಲ ಪುಟಕ್ಕೆ ಬಂದರು. ನನ್ನ ಹೆಸರು ಓದಿದರು. ನನ್ನ ಹಿಂದಿನ ಗಂಡನ ಹೆಸರು ಓದಿದರು. ಅವರ ತಂದೆಯ ಹೆಸರು ಓದಿ ನಿಲ್ಲಿಸಿದರು. "ಇವರು ಯಾರಮ್ಮ? ನೀವು ಫಾರಂನಲ್ಲಿ ಬೇರೆ ಹೆಸರು ಬರೆದಿದ್ದೀರಲ್ಲ?"

ನೋಡಿದೆ. ಆ ಹೆಸರನ್ನು ಎಲ್ಲೋ ಓದಿದ ಹಾಗಿತ್ತು. ಅಲ್ಲೇ ನಿಂತು ಮೊಬೈಲ್ ತೆಗೆದೆ. ಆ ಸ್ಯಾಂಪಲ್! ಆ ಹೆಣ್ಣುಮಗಳ ಮಾವನ ಹೆಸರು! ಅವಳ ಡಿಕ್ರಿಯನ್ನೇ ಎದುರಿಗಿಟ್ಟುಕೊಂಡು ನನ್ನದನ್ನು ಟೈಪ್ ಮಾಡಿದ್ದಾನೆ. ನಮ್ಮಿಬ್ಬರ ಹೆಸರು ಬದಲಾಯಿಸಿ, ಮಾವನ ಹೆಸರು ಬದಲಾಯಿಸಲು ಮರೆತಿದ್ದಾನೆ. ಕಾಪಿಯೂ ಅಲ್ಲ, ಪ್ರಿಂಟೂ ಅಲ್ಲ. ಪೂರಾ ನಕಲಿ. ನನ್ನ ಕೈಯಲ್ಲಿ ನಕಲಿ ಕೋರ್ಟ್ ಆದೇಶ, ಪಕ್ಕದಲ್ಲಿ ಅವರ ಅಕ್ಕ. ಅವರು ಏನೂ ಅನ್ನಲಿಲ್ಲ. ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಗುಮಾಸ್ತರು ಒಳ್ಳೆಯವರು. ಕಾಗದ ಮಡಚಿ ವಾಪಸ್ ಕೊಟ್ಟು, "ಅರ್ಜಿ ಜೊತೆ ಸೇರಿಸಿ ಕೊಟ್ಟಿದ್ದರೆ ನಿಮ್ಮ ಮೇಲೇ ಕೇಸ್ ಆಗ್ತಿತ್ತಮ್ಮ. ಕೋರ್ಟಿಗೆ ಹೋಗಿ ನೀವೇ ತಗೊಳ್ಳಿ" ಅಂದರು.

ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಇನ್ನೊಬ್ಬರಿಗೆ ಇದೇ ಮಾತು ಬಂದರೆ ಗುರುತು ಸಿಗಲಿ.

"ಅದು ಟೈಪಿಂಗ್ ಮಿಸ್ಟೇಕ್ ಮೇಡಂ. ಕರೆಕ್ಷನ್‌ಗೆ 1,500 ಆಗುತ್ತೆ."

ಟೈಪಿಂಗ್ ಮಿಸ್ಟೇಕಂತೆ! ಕೋರ್ಟ್ ಆದೇಶದಲ್ಲಿ ಇವನು ಯಾಕೆ ಟೈಪ್ ಮಾಡಬೇಕು? ಅದನ್ನೇ ಕೇಳಿದೆ. "ನೋಡಿ ಮೇಡಂ, ನಾವು ಕೊಟ್ಟಿದ್ದು ರೆಫರೆನ್ಸ್ ಕಾಪಿ. ಸರ್ಟಿಫೈಡ್ ಅಂತ ನಾವು ಹೇಳೇ ಇಲ್ಲ." ಹೇಳಿದ್ದೆಲ್ಲ ವಾಟ್ಸ್ಆ್ಯಪ್‌ನಲ್ಲಿ ಇದೆ, ಸ್ಕ್ರೀನ್‌ಶಾಟ್ ಕಳಿಸಿದೆ. ಆಗ ದನಿಯೇ ಬದಲಾಯಿತು. "ನಿಮ್ಮ ಡೈವೋರ್ಸ್ ಪೇಪರ್ ಡೀಟೇಲ್ಸ್ ಎಲ್ಲಾ ನಮ್ಮ ಹತ್ರ ಇದೆ. ಸುಮ್ನೆ ದೊಡ್ಡದು ಮಾಡಬೇಡಿ." ಅಕ್ಕ ಅಂದ ಬಾಯಿ! ಇದು ಬೆದರಿಕೆ ಅಲ್ಲದೆ ಮತ್ತೇನು? ಆಮೇಲೆ ಬ್ಲಾಕ್ ಮಾಡಿದ.

ನನ್ನ ಹೊಟ್ಟೆ ಉರಿಸುತ್ತಿರುವುದು ಇದು. ಆ ಹೆಣ್ಣುಮಗಳ ಕಾಗದ ನನ್ನ ಮೊಬೈಲಿಗೆ ಬಂದಂತೆ ನನ್ನದೂ ಇವತ್ತು ಇನ್ಯಾರಿಗೋ ಸ್ಯಾಂಪಲ್ ಆಗಿ ಹೋಗುತ್ತಿರಬಹುದು. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಇಂಥ ಕೇಸುಗಳ ವಿಚಾರಣೆಯೇ ಗುಟ್ಟಾಗಿ, ಬಾಗಿಲು ಮುಚ್ಚಿ ನಡೆಯಬೇಕು. ಅದರ ವಿವರ ಅಚ್ಚು ಹಾಕುವುದು, ಪ್ರಕಟಿಸುವುದು ತಪ್ಪು. ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 1,000 ರೂಪಾಯಿ. ಇವನು ನನ್ನೊಬ್ಬಳಿಂದ ಕಿತ್ತದ್ದೇ ಅದಕ್ಕಿಂತ ಜಾಸ್ತಿ.

ಇನ್ನು ಅಸಲಿ ಕಾಪಿ ಹೇಗೆ ಸಿಕ್ಕಿತು ಅಂದರೆ, ಕೇಳಿದರೆ ಇನ್ನೂ ಸಿಟ್ಟು ಬರುತ್ತದೆ. ಕೋರ್ಟಿನ ಕಾಪಿಯಿಂಗ್ ಸೆಕ್ಷನ್‌ಗೆ ನಾನೇ ಹೋದೆ. ವಕೀಲರಿಲ್ಲ, ಯಾರೂ ಇಲ್ಲ. ಆಧಾರ್ ತೋರಿಸಿ, ಈ ಕೇಸಿನ ಪಾರ್ಟಿ ನಾನೇ ಅಂದೆ. ಅಲ್ಲಿದ್ದವರು ಹಳೇ ರಿಜಿಸ್ಟರ್ ತೆಗೆದರು. ನನ್ನ ಹಳೇ ನಂಬರಿನ ಎದುರಿಗೇ ಹೊಸ ನಂಬರ್ ಬರೆದಿತ್ತು. ಮಿಸ್ಸಿಂಗೂ ಇಲ್ಲ, ಏನೂ ಇಲ್ಲ! ಅರ್ಜಿ ಬರೆದು, ಕೋರ್ಟ್ ಫೀ ಸ್ಟಾಂಪ್ ಹಚ್ಚಿ, ಪುಟದ ಲೆಕ್ಕದಲ್ಲಿ ನಕಲು ಶುಲ್ಕ ಕಟ್ಟಿದೆ. ಆ ಮನುಷ್ಯ ತಿಂದದ್ದರ ಮುಂದೆ ಅದು ಲೆಕ್ಕಕ್ಕೇ ಇಲ್ಲದಷ್ಟು ಸಣ್ಣ ಮೊತ್ತ. ಅದೂ ಎರಡನೇ ಸಲ ಕೇಳಿದ್ದಕ್ಕೆ. ವಿಚ್ಛೇದನದ ಡಿಕ್ರಿ ಆದಾಗ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಪ್ರತಿಯನ್ನು ಕೋರ್ಟೇ ಪುಕ್ಕಟೆ ಕೊಡಬೇಕು ಅಂತ ಅದೇ ಕಾಯ್ದೆಯ 23(4)ರಲ್ಲಿ ಇದೆ. ಈಗ ಕೇಸು ಮುಗಿಯುತ್ತಿರುವವರು ಆ ಕಾಪಿಯನ್ನು ಕೇಳಿ ತೆಗೆದುಕೊಂಡು ಮನೆಯಲ್ಲೇ ಇಟ್ಟುಕೊಳ್ಳಿ. ವಕೀಲರ ಫೈಲಿನಲ್ಲಿ ಬಿಡಬೇಡಿ.

ಕೇಸ್ ನಂಬರ್ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್‌ನಲ್ಲಿ ಪಾರ್ಟಿ ಹೆಸರು ಮತ್ತು ವರ್ಷ ಹಾಕಿ ಹುಡುಕಿ. ಮುಗಿದ ಕೇಸಾದರೆ "ಡಿಸ್ಪೋಸ್ಡ್" ಆರಿಸಿ. ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೆರಡು ಥರ ಹಾಕಿ ನೋಡಿ. ನನ್ನ ಹೆಸರಿನಲ್ಲಿ ಒಂದು ಎಚ್ ಬಿಟ್ಟಿದ್ದರು. ಕೇಸು ಸಿಕ್ಕಿದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ (ಆ ಕೇಸಿಗೇ ಮೀಸಲಾದ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ವೆಬ್‌ಸೈಟಿನಿಂದ ಇಳಿಸಿಕೊಂಡ ಪಿಡಿಎಫ್ ಓದಿಕೊಳ್ಳೋಕೆ ಸರಿ, ಸರ್ಟಿಫೈಡ್ ಕಾಪಿ ಅಂತ ಎಲ್ಲೂ ನಡೆಯುವುದಿಲ್ಲ.

ಕೋರ್ಟಿನ ಮೆಟ್ಟಿಲು ಹತ್ತಲು ಭಯ ಅನ್ನುವವರು ಅದೇ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಪುಕ್ಕಟೆ ಸಹಾಯ ಸಿಗುತ್ತದೆ. ಅಂಥದ್ದಿರುವಾಗ ಈ ಕಳ್ಳನಿಗೆ 8,500!

ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ನಾನೂ ಕೊಟ್ಟಿದ್ದೇನೆ. ನಕಲಿ ಡಿಕ್ರಿಯನ್ನೂ, ಅವನ ಮೆಸೇಜುಗಳನ್ನೂ ಒಪ್ಪಿಸಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.

ಇನ್ನೊಂದು. ಬೇರೆಯವರ ಡಿಕ್ರಿ ಸ್ಯಾಂಪಲ್ ಅಂತ ನಿಮ್ಮ ಮೊಬೈಲಿಗೂ ಬಂದಿದ್ದರೆ ದಯವಿಟ್ಟು ಯಾರಿಗೂ ಮುಂದೆ ಕಳಿಸಬೇಡಿ, ಎಚ್ಚರಿಸೋಕೆ ಅಂತಲೂ ಬೇಡ. ಪೊಲೀಸರಿಗೆ ತೋರಿಸಿ, ಆಮೇಲೆ ಅಳಿಸಿಬಿಡಿ. ಅದು ನನ್ನದೂ ಆಗಿರಬಹುದು.