ಆರ್‌ಎಕ್ಸ್ 100ಗೆ ಹೊಸ ಸೈಲೆನ್ಸರ್ ಹಾಕಿಸೋ ಮುಂಚೆ ಸ್ವಲ್ಪ ಕೇಳಿ

ಕಾಕಾ ಕೊಟ್ಟ 1994ರ ಯಮಹಾ ಆರ್‌ಎಕ್ಸ್ 100, ಹಳೇ ಟೂ-ಸ್ಟ್ರೋಕ್ ಬೈಕು. ಒಂದೇ ಕಿಕ್‌ಗೆ ಏಳುತ್ತಿತ್ತು. ಅಂಥದ್ದರ ಪಿಸ್ಟನ್ ಜಾಮ್ ಮಾಡಿ ಕೂತವನು ನಾನು. ಕಲಬುರಗಿಯಲ್ಲಿ ಈ ಗಾಡಿ ಸಾಕಿಕೊಂಡವರು ಇನ್ನೂ ಸಾಕಷ್ಟು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ಶೋಕಿಗೆ ಒಂದು ಎಕ್ಸ್‌ಪಾನ್ಷನ್ ಚೇಂಬರ್ ತಂದೆ, ಅಂದರೆ ಎಳೆತ ಹೆಚ್ಚಿಸೋ ಹೊಟ್ಟೆ ಉಬ್ಬಿದ ಸೈಲೆನ್ಸರ್. ರಿಂಗ್ ರೋಡ್ ಪಕ್ಕದ ಗ್ಯಾರೇಜಿನ ಮಿಸ್ತ್ರಿ ಅದನ್ನು ಹಾಕಿ, ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿ ಗಾಳಿ-ಪೆಟ್ರೋಲ್ ಬೆರೆಸೋ ಕಾರ್ಬೋರೇಟರ್ ಬಾಯಿಗೆ ಕೋನ್ ಫಿಲ್ಟರ್ ಕೂಡಿಸಿದ. "ಜೆಟ್ ಬದಲಿ ಮಾಡೋದು ಬ್ಯಾಡೇನು?" ಅಂದೆ. ಜೆಟ್ ಅಂದರೆ ಕಾರ್ಬೋರೇಟರ್ ಒಳಗೆ ಪೆಟ್ರೋಲ್ ಹಾಯೋ ಸಣ್ಣ ತೂತಿನ ತುಂಡು. "ಏನೂ ಬ್ಯಾಡ್ರಿ ಅಣ್ಣ, ಸ್ಕ್ರೂದಾಗ ಕೂಡಿಸ್ತೀನಿ" ಅಂದ. ಏರ್ ಸ್ಕ್ರೂ ಅರ್ಧ ಸುತ್ತು ಆಚೆ, ಕಾಲು ಸುತ್ತು ಈಚೆ. ಕಣ್ಣು ಮುಚ್ಚಿ ಶಬ್ದ ಕೇಳಿದ. "ಬಿಂದಾಸ್ ಓಡಿಸ್ರಿ."

ನಾನು ಮೋಸ ಹೋಗಿದ್ದು ಇಲ್ಲೇ. ಆ ಸ್ಕ್ರೂ, ಪೈಲಟ್ ಜೆಟ್ ಎರಡೂ ನೋಡಿಕೊಳ್ಳೋದು ಐಡಲ್ ಮತ್ತು ಸಣ್ಣ ಥ್ರಾಟಲ್ ಮಾತ್ರ. ನಡುವಿನ ಥ್ರಾಟಲ್‌ಗೆ ಕಾರ್ಬೋರೇಟರ್ ಒಳಗಿನ ಸೂಜಿಯ ಕೆಲಸ. ಮುಕ್ಕಾಲು ದಾಟಿ ತಿರುಗಿಸಿದಾಗ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ತೀರ್ಮಾನಿಸೋದು ಮೇನ್ ಜೆಟ್. ಗಾಳಿ ಒಳಗೆ ಬರೋ ದಾರಿಯನ್ನೂ ಹೊಗೆ ಹೊರಗೆ ಹೋಗೋ ದಾರಿಯನ್ನೂ ಬದಲಿಸಿ ಜೆಟ್ ಮಾತ್ರ ಹಳೇದೇ ಬಿಟ್ಟರೆ? ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಎಂಜಿನ್ ಬೆಂಕಿಯಂತೆ ಕಾಯುತ್ತೆ. ಐಡಲ್‌ನಲ್ಲಿ ಇದರ ಸುಳಿವೇ ಸಿಗೋದಿಲ್ಲ.

ಊರೊಳಗೆ ಏಳು ತಿಂಗಳು ಏನೂ ಆಗಲಿಲ್ಲ. ಸೂಪರ್ ಮಾರ್ಕೆಟ್ ಏರಿಯಾದ ಗದ್ದಲದಲ್ಲಿ ಫುಲ್ ಥ್ರಾಟಲ್ ಎಲ್ಲಿ ಬರುತ್ತೆ ಹೇಳಿ? ಡಿಸೆಂಬರ್‌ನಲ್ಲಿ ಬೀದರ್‌ಗೆ ಮದುವೆಗೆ ಅಂತ ಬೆಳಗಿನ ಜಾವ ಹೊರಟೆ. ಥಂಡಿ ಗಾಳಿ ದಟ್ಟ ಇರುತ್ತೆ, ಅಂದರೆ ಬಿಸಿಲಲ್ಲಿ ಹೇಗೋ ನಡೆದಿದ್ದ ಗಾಳಿ-ಪೆಟ್ರೋಲ್ ಮಿಶ್ರಣ ಚಳಿಯಲ್ಲಿ ಇನ್ನೂ ತೆಳುವಾಗುತ್ತೆ, ಪೆಟ್ರೋಲ್ ಪಾಲು ಇನ್ನೂ ಕಮ್ಮಿ. ಇದು ಆಗ ನನಗೆ ಗೊತ್ತಿರಲಿಲ್ಲ. ಕಮಲಾಪುರ ದಾಟಿ ರಸ್ತೆ ಖಾಲಿ ಸಿಕ್ಕಿತು, ಹಿಡಿಕೆ ಪೂರ್ತಿ ತಿರುಗಿಸಿದೆ. ಗಾಡಿ ಎಂದೂ ಹೋಗದಷ್ಟು ಜೋರಾಗಿ ಹೋಯಿತು. ಆಮೇಲೆ ಎಂಜಿನ್‌ನಿಂದ ಸಣ್ಣಗೆ ಟಿಣಿ ಟಿಣಿ. ಎಳೆತ ಕುಗ್ಗಿತು. ಕಾದು ಉಬ್ಬಿದ ಪಿಸ್ಟನ್ ಸಿಕ್ಕಿಕೊಂಡು, ಕರ್ರ್ ಅಂತ ಹಿಂದಿನ ಚಕ್ರವೇ ಹಿಡಿದುಕೊಂಡಿತು. ಕ್ಲಚ್ ಮೇಲೆ ಬೆರಳಿದ್ದವು, ಒತ್ತಿದೆ, ಬದುಕಿದೆ. ಹಿಂದೆ ಲಾರಿ ಇರಲಿಲ್ಲ.

ಟೆಂಪೋ ಬರೋವರೆಗೆ ಪ್ಲಗ್ ಬಿಚ್ಚಿ ನೋಡಿದೆ. ತುದಿ ಸುಣ್ಣದಂತೆ ಬೆಳ್ಳಗೆ, ಪೆಟ್ರೋಲ್ ಸಾಲದೆ ಕಾದಿದ್ದರ ಗುರುತು. ಬೇರೆ ಮಿಸ್ತ್ರಿ ಬ್ಲಾಕ್ (ಪಿಸ್ಟನ್ ಓಡಾಡೋ ಸಿಲಿಂಡರ್) ಎತ್ತಿದಾಗ ಪಿಸ್ಟನ್ ಪಕ್ಕದಲ್ಲಿ ಉಗುರಿನಿಂದ ಪರಚಿದಂಥ ಉದ್ದ ಗೆರೆಗಳು. ಬ್ಲಾಕ್ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು. ಖರ್ಚು ಕಾಕಾಗೆ ಇನ್ನೂ ಹೇಳಿಲ್ಲ.

ಚೇಂಬರ್ ಹಾಕಿಸಲೇಬೇಕು ಅಂದರೆ ದೊಡ್ಡ ನಂಬರಿನ, ಅಂದರೆ ದೊಡ್ಡ ತೂತಿನ ಮೇನ್ ಜೆಟ್‌ನಿಂದ ಶುರು ಮಾಡಿ, ಒಂದೊಂದೇ ನಂಬರ್ ಇಳಿಸುತ್ತಾ ಬನ್ನಿ. ಪೆಟ್ರೋಲ್ ಜಾಸ್ತಿಯಾದರೆ ಹೊಗೆ ಬರುತ್ತೆ, ಪ್ಲಗ್ ಕಪ್ಪಾಗುತ್ತೆ, ಅಷ್ಟೇ. ಖಾಲಿ ರಸ್ತೆಯಲ್ಲಿ ಜೋರಾಗಿ ಓಡಿಸಿ, ಕ್ಲಚ್ ಒತ್ತಿ, ಅಲ್ಲೇ ಎಂಜಿನ್ ಬಂದ್ ಮಾಡಿ ಪ್ಲಗ್ ತೆಗೆದು ನೋಡಿ. ಚಹಾ ಬಣ್ಣ ಇರಬೇಕು. ಚಳಿಗಾಲ ಬಂದಾಗ ಮತ್ತೊಮ್ಮೆ ನೋಡಿ. ಪೊಲೀಸರು ಶಬ್ದಕ್ಕೆ ಹಿಡಿದರೆ ದಂಡ 10,000 ರೂಪಾಯಿವರೆಗೂ ಹೋಗಬಹುದು, ಅದು ಬೇರೆ ಕಥೆ.

ನನ್ನ ಚೇಂಬರ್ ಮಾಳಿಗೆ ಮೇಲೆ ತುಕ್ಕು ಹಿಡಿಯುತ್ತಿದೆ. ಇಬ್ಬರು ಕೇಳಿದರು. ಜೆಟ್ ತಂದಿದ್ದೀರಾ ಅಂದರೆ ಇಬ್ಬರೂ ಸುಮ್ನೆ ನಕ್ಕರು.